‘ಕೃಪೆ: ಅಂತರ್ಜಾಲ’ ಅಂತ ಬರೆದರೆ ಮುಗಿಯಿತಾ? ಬೇರೆಯವರ ಬರಹವನ್ನು ನಮ್ಮ ಜಾಲತಾಣದಲ್ಲಿ ಹಾಕುವ ಮುಂಚೆ

ಇಳಕಲ್ ದಡಿ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಮದುವೆಯಾಗಿ ಬಾಗಲಕೋಟೆಗೆ ಬಂದೆ. ಐದು ವರ್ಷದಿಂದ ಸೀರೆ, ಮಗ್ಗ, ದಡಿಗಳ ಬಗ್ಗೆ ಒಂದು ಸಣ್ಣ ಜಾಲತಾಣ ನಡೆಸುತ್ತಿದ್ದೇನೆ. ಹೋದ ವಾರ ಗೆಳತಿಯೊಬ್ಬಳು ಒಂದು ಲಿಂಕ್ ಕಳಿಸಿ ‘ಇದು ನೀ ಬರೆದಿದ್ದಲ್ವಾ?’ ಅಂತ ಕೇಳಿದಳು. ತೆರೆದು ನೋಡಿದರೆ ನನ್ನದೇ ಲೇಖನ. ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಬಗ್ಗೆ ಎರಡು ವರ್ಷದ ಹಿಂದೆ ಬರೆದದ್ದು. ಒಂದಕ್ಷರ ಬಿಡದೆ ಪೂರ್ತಿ ಇತ್ತು. ನನ್ನ ಹೆಸರು ಮಾತ್ರ ಇರಲಿಲ್ಲ. ಕೆಳಗೆ ‘ಕೃಪೆ: ಅಂತರ್ಜಾಲ’ ಎಂದಿತ್ತು.

ಹೆಸರು ಹೋದದ್ದು ಬೇಜಾರೇ. ಆದರೆ ಅದಕ್ಕಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಆ ಲೇಖನ ಮೊದಲು ಹಾಕಿದಾಗ ನಾನೊಂದು ತಪ್ಪು ಮಾಡಿದ್ದೆ. ಸೆರಗಿನಲ್ಲಿ ‘ಎರಡು ಕೆಂಪು ಪಟ್ಟಿ, ಮೂರು ಬಿಳಿ ಪಟ್ಟಿ’ ಅಂತ ಬರೆದುಬಿಟ್ಟಿದ್ದೆ. ನಮ್ಮ ಸೋದರಮಾವ ಓದಿಸಿಕೊಂಡು ಕೇಳಿದವರೇ, ಟ್ರಂಕಿನಿಂದ ನಮ್ಮ ಅಜ್ಜಿಯ ಸೀರೆ ತೆಗೆದು ತೊಡೆಯ ಮೇಲೆ ಹಾಸಿ, ಒಂದೊಂದೇ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿ ತೋರಿಸಿದರು. ಮೂರು ಕೆಂಪು. ನಡುವೆ ಎರಡು ಬಿಳಿ. ಆ ಬಿಳಿಯಲ್ಲೇ ವಿನ್ಯಾಸ ಬರೋದು. ಅವತ್ತು ರಾತ್ರಿಯೇ ನಾನು ತಿದ್ದಿದೆ. ಆದರೆ ಅಷ್ಟರಲ್ಲಿ ಯಾರೋ ಎತ್ತಿಕೊಂಡು ಹೋಗಿಯಾಗಿತ್ತು. ಈಗ ಹುಡುಕಿದರೆ ಮೂರು ಕಡೆ ಆ ಲೇಖನ ಇದೆ. ಮೂರೂ ಕಡೆ ಎರಡು ಕೆಂಪು, ಮೂರು ಬಿಳಿ. ಮಾವ ಈಗ ಇಲ್ಲ. ಅವರು ತಿದ್ದಿಸಿದ ಮಾತು ನನ್ನ ತಾಣದಲ್ಲಿ ಮಾತ್ರ ಉಳಿದಿದೆ.

ಕೋಪದಿಂದ ಬರೆಯುತ್ತಿಲ್ಲ. ನನಗೂ ಇದೇ ಕಷ್ಟ ಇದೆ. ನನ್ನ ತಾಣದಲ್ಲಿ ಬೇರೆಯವರ ಬರಹ ಹಾಕಬೇಕು ಅಂತ ಆಸೆ. ನಮ್ಮೂರಿನ ಒಂದು ಹಳೇ ಸ್ಮರಣ ಸಂಚಿಕೆಯಲ್ಲಿ ಬಣ್ಣ ಹಾಕುವವರ ಬಗ್ಗೆ ಒಬ್ಬ ಮಾಸ್ತರರು ಬರೆದ ಒಳ್ಳೆಯ ಲೇಖನ ಇದೆ, ಅವರು ತೀರಿಹೋಗಿದ್ದಾರೆ. ಪತ್ರಿಕೆಗಳಲ್ಲಿ ಬಂದ ಅಂಕಣಗಳಿವೆ. ನೇಕಾರ ವಚನಕಾರರ ವಚನಗಳಿವೆ. ಏನನ್ನು ಹಾಕಬಹುದು, ಏನನ್ನು ಹಾಕಬಾರದು? ಕಾನೂನು ಏನು ಹೇಳುತ್ತೆ? ಕಾನೂನು ಬಿಟ್ಟರೂ, ಸರಿ ಅನ್ನಿಸುವ ದಾರಿ ಯಾವುದು? ತಿಳಿದವರು ಹೇಳಿ.

ಗೋಕಾಕದ ಹುಡುಗ (ಗೋಕಾಕ)

ಅಕ್ಕಾರೆ, ನಿಮ್ಮ ಬರಹ ಓದಿ ಮನಸ್ಸಿಗೆ ಕಸಿವಿಸಿ ಆಯಿತು. ನಾನು ಉತ್ತರ ಕರ್ನಾಟಕದ ಊಟ, ಊರು, ಜಾತ್ರೆಗಳ ಬಗ್ಗೆ ಒಂದು ತಾಣ ನಡೆಸುತ್ತೇನೆ. ಸುಮಾರು ನಾನೂರು ಲೇಖನ ಇವೆ. ಅರ್ಧ ನಾನೇ ಬರೆದದ್ದು. ಉಳಿದದ್ದು ವಾಟ್ಸಾಪ್ ಗುಂಪುಗಳಲ್ಲಿ ಬಂದದ್ದು. ಯಾರು ಬರೆದದ್ದು ಅಂತ ಗೊತ್ತಿಲ್ಲದಿದ್ದರೆ ‘ಸಂಗ್ರಹ’ ಅಂತ ಹಾಕುತ್ತೇನೆ. ಗೊತ್ತಿದ್ದರೆ ಹೆಸರು ಹಾಕುತ್ತೇನೆ. ಹೆಸರು ಹಾಕಿದರೆ ಸಾಕು ಅಂದುಕೊಂಡಿದ್ದೆ. ಸಾಲದಾ?

ಟಿಳಕವಾಡಿ ವಕೀಲ (ಬೆಳಗಾವಿ)

ಸಾಲದು ತಮ್ಮಾ. ಹೆಸರು ಹಾಕುವುದು ಬೇರೆ, ಕೇಳಿ ಹಾಕುವುದು ಬೇರೆ. ಇವು ಎರಡು ಸಾಲ. ಒಂದನ್ನು ತೀರಿಸಿದರೆ ಇನ್ನೊಂದು ತೀರುವುದಿಲ್ಲ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಬರೆದ ಕ್ಷಣದಿಂದಲೇ ಆ ಬರಹದ ಮೇಲೆ ಬರೆದವರಿಗೆ ಹಕ್ಕು ಬರುತ್ತೆ. ನೋಂದಣಿ ಮಾಡಿಸಬೇಕಿಲ್ಲ. ‘ಸರ್ವ ಹಕ್ಕು ಕಾಯ್ದಿರಿಸಿದೆ’ ಅಂತ ಬರೆಯಬೇಕಿಲ್ಲ. ವಾಟ್ಸಾಪ್‌ನಲ್ಲಿ ಹೆಸರಿಲ್ಲದೆ ತಿರುಗುತ್ತಿದ್ದರೂ ಅದು ಯಾರದೋ ಒಬ್ಬರ ಸ್ವತ್ತು. ಬೀದಿಯಲ್ಲಿ ಬಿದ್ದಿದ್ದ ಪರ್ಸಿನಲ್ಲಿ ಹೆಸರಿಲ್ಲದಿದ್ದರೆ ಅದು ನಮ್ಮದಾಗುತ್ತಾ?

ಕಾಪಿ ಮಾಡುವುದು, ಜನರಿಗೆ ತಲುಪಿಸುವುದು, ಅನುವಾದ ಮಾಡುವುದು, ರೂಪ ಬದಲಿಸುವುದು, ಇವೆಲ್ಲ 14ನೇ ಕಲಮಿನಲ್ಲಿ ಹಕ್ಕುದಾರರಿಗೆ ಮೀಸಲು. ಅದಕ್ಕೇ ಅನುಮತಿ ಕೇಳಬೇಕಾದದ್ದು. ಇನ್ನು 57ನೇ ಕಲಂ ಬೇರೆಯೇ. ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಮರ್ಯಾದೆಗೆ ಕುಂದು ಬರುವ ಹಾಗೆ ಬರಹವನ್ನು ತಿರುಚಿದರೆ ತಡೆಯುವ ಹಕ್ಕು ಅದರಲ್ಲಿದೆ. ಕಾಪಿರೈಟನ್ನು ಮಾರಿಕೊಂಡಿದ್ದರೂ ಈ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತೆ.

ಗೊತ್ತಿದ್ದೂ ಕದ್ದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಅಂತ ಕಾಯ್ದೆ ಹೇಳುತ್ತೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಎಂದು ಕಂಡರೆ ಕೋರ್ಟು ಇದಕ್ಕಿಂತ ಕಡಿಮೆ ಮಾಡಬಹುದು. ಹೆದರಿಸಲು ಹೇಳುತ್ತಿಲ್ಲ. ಇದು ಹುಡುಗಾಟದ ಮಾತಲ್ಲ ಅಂತ ಗೊತ್ತಿರಲಿ.

ಗೋಕಾಕದ ಹುಡುಗ

ವಕೀಲ ಸಾಹೇಬರೇ, ಹತ್ತು ಸಾಲಿನ ಒಳಗಿದ್ದರೆ ತೊಂದರೆ ಇಲ್ಲ ಅಂತ ಎಲ್ಲೋ ಓದಿದ್ದೆ. ಇನ್ನೊಬ್ಬರು ಕಾಲು ಭಾಗ ಬದಲಿಸಿದರೆ ನಮ್ಮದೇ ಆಗುತ್ತೆ ಅಂದರು. ಈಗಂತೂ ಎಐಗೆ ಕೊಟ್ಟರೆ ಎರಡು ನಿಮಿಷದಲ್ಲಿ ಮಾತೆಲ್ಲ ಬದಲಿಸಿ ಕೊಡುತ್ತೆ. ಆಗಲೂ ತಪ್ಪಾ?

ಟಿಳಕವಾಡಿ ವಕೀಲ

ಹತ್ತು ಸಾಲು, ಕಾಲು ಭಾಗ, ಇವೆಲ್ಲ ಕಟ್ಟೆಯ ಮೇಲಿನ ಮಾತು. ನಮ್ಮ ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. 52ನೇ ಕಲಂ ಕೆಲವು ಉದ್ದೇಶಗಳಿಗೆ ನ್ಯಾಯವಾದ ಬಳಕೆಯನ್ನು ಬಿಟ್ಟುಕೊಡುತ್ತೆ. ಸ್ವಂತ ಓದಿಗೆ, ಸಂಶೋಧನೆಗೆ. ವಿಮರ್ಶೆಗೆ. ಪ್ರಚಲಿತ ಸುದ್ದಿ ಹೇಳುವುದಕ್ಕೆ. ಎಷ್ಟು ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ನಿಮ್ಮದು ಓದಿದ ಮೇಲೆ ಮೂಲ ಓದುವ ಅಗತ್ಯವೇ ಇಲ್ಲದ ಹಾಗೆ ಆಯಿತಾ, ಇದನ್ನೆಲ್ಲ ನೋಡುತ್ತಾರೆ. ಆರು ಸಾಲಿನ ಕವಿತೆಯಲ್ಲಿ ಐದು ಸಾಲು ಎತ್ತಿದರೆ ‘ಐದೇ ಸಾಲು’ ಅನ್ನುವ ಮಾತು ನಡೆಯುವುದಿಲ್ಲ.

ಎಐ ವಿಷಯ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇವತ್ತಿಗೂ ದಾರಿ ತೋರಿಸುತ್ತೆ. ವಿಚಾರಕ್ಕೆ, ವಿಷಯಕ್ಕೆ, ಇತಿಹಾಸದ ಸಂಗತಿಗೆ ಕಾಪಿರೈಟ್ ಇಲ್ಲ. ಅದನ್ನು ಹೇಳಿದ ರೀತಿಗೆ ಇದೆ. ಇಳಕಲ್ ಸೀರೆಯ ಸೆರಗನ್ನೂ ಒಡಲನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ ಎಂಬುದು ಸಂಗತಿ. ಯಾರು ಬೇಕಾದರೂ ಬರೆಯಬಹುದು. ಆದರೆ ಅಕ್ಕಾರು ಮಾವನ ತೊಡೆಯ ಮೇಲಿನ ಸೀರೆಯಿಂದ ಶುರು ಮಾಡಿ, ಇಂಥ ಕ್ರಮದಲ್ಲಿ, ಇಂಥ ಉದಾಹರಣೆ ಕೊಟ್ಟು ಬರೆದದ್ದು ಅವರದು. ಅದೇ ಸಾಲು ಅದೇ ಕ್ರಮದಲ್ಲಿ ಇಟ್ಟು ಪದ ಮಾತ್ರ ಬದಲಿಸಿದರೆ ಬಟ್ಟೆ ಅದೇ, ಬಣ್ಣ ಬೇರೆ. ಯಂತ್ರ ಬದಲಿಸಿದರೂ ಅಷ್ಟೇ.

ನಾಲ್ಕು ಕಡೆ ಓದಿ, ಒಂದು ಸಲ ಇಳಕಲ್ಲಿಗೆ ಹೋಗಿ ಮಗ್ಗದ ಮುಂದೆ ಕುಳಿತು, ಪುಸ್ತಕ ಮುಚ್ಚಿಟ್ಟು ನಿನ್ನ ಮಾತಿನಲ್ಲಿ ಬರಿ. ಅದು ನಿನ್ನದು.

ಗುಮ್ಮಟದ ನೆರಳು (ವಿಜಯಪುರ)

ನಾನು ನಿವೃತ್ತ ಕನ್ನಡ ಮಾಸ್ತರ. ವಚನಗಳ ಪ್ರಶ್ನೆಗೆ ನನ್ನ ತಿಳಿವಳಿಕೆ ಹೇಳುತ್ತೇನೆ.

12ನೇ ಶತಮಾನದ ಶರಣರ ವಚನಕ್ಕೆ ಕಾಪಿರೈಟ್ ಇಲ್ಲ. ಅದು ನಿಮ್ಮದು, ನನ್ನದು, ಎಲ್ಲರದು. ಆದರೆ ಪುಸ್ತಕದಲ್ಲಿ ವಚನದ ಜೊತೆ ಇನ್ನೂ ಬಹಳ ಇರುತ್ತೆ. ಸಂಪಾದಕರ ಮುನ್ನುಡಿ, ಅರ್ಥ, ಟಿಪ್ಪಣಿ. ಅವು ಸಂಪಾದಕರದು. ಈಚಿನ ಪುಸ್ತಕವೊಂದರಿಂದ ವಚನವನ್ನು ತೆಗೆದುಕೊಳ್ಳಿ, ಅರ್ಥವನ್ನು ಹಾಗೇ ನಕಲು ಮಾಡಬೇಡಿ.

ಲೆಕ್ಕ ಹೀಗೆ. ಲೇಖಕರು ತೀರಿಹೋದ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ಮೊದಲು ಇದು 50 ವರ್ಷ ಇತ್ತು. ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ, 1991ರ ಡಿಸೆಂಬರ್ ಕೊನೆಯಲ್ಲಿ, 60 ಮಾಡಿದರು.

ಈಗ ನಮ್ಮ ವಿಜಯಪುರದ ಲೆಕ್ಕ ಹೇಳುತ್ತೇನೆ. ಇದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತೆ. ಫ.ಗು. ಹಳಕಟ್ಟಿಯವರು ಇಲ್ಲಿ ವಕೀಲಿ ಮಾಡುತ್ತ ಮನೆಮನೆ ತಿರುಗಿ ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ವಚನಗಳನ್ನು ಅಚ್ಚು ಹಾಕಿಸಲಿಕ್ಕೆ ಇದ್ದ ಮನೆಯನ್ನೂ ಮಾರಿದರು. ಅವರು ತೀರಿಕೊಂಡದ್ದು 1964ರ ಜೂನ್ 29. ಎಣಿಸಿ ನೋಡಿ. 2024ರ ಡಿಸೆಂಬರ್ 31ಕ್ಕೆ 60 ವರ್ಷ ಮುಗಿಯಿತು. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಅವರ ಬರಹಗಳು 2025ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಅವತ್ತು ಬೆಳಗ್ಗೆ ನಾನು ಅವರ ಒಂದು ಮುನ್ನುಡಿಯನ್ನು ಕೈಯಾರೆ ಟೈಪ್ ಮಾಡಿ ಹಳೇ ವಿದ್ಯಾರ್ಥಿಗಳಿಗೆಲ್ಲ ಕಳಿಸಿದೆ. ಕೆಳಗೆ ಅವರ ಹೆಸರು, ಯಾವ ಆವೃತ್ತಿ, ಎಷ್ಟನೇ ಪುಟ, ಎಲ್ಲ ಬರೆದೆ. ಕಾನೂನು ಬಿಟ್ಟುಕೊಟ್ಟಿದೆ ಅಂತ ಅವರ ಹೆಸರು ಬಿಡಲಿಕ್ಕೆ ಮನಸ್ಸು ಬರುತ್ತಾ?

ಇಂಡಿ ಕಡೆಯ ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗದ ವಿಷಯವೂ ಹೀಗೇ, ಆದರೆ ಒಬ್ಬೊಬ್ಬರಿಗೂ ಬೇರೆ ಲೆಕ್ಕ. ಮಧುರಚೆನ್ನರು 1953ರಲ್ಲಿ ತೀರಿಕೊಂಡರು, ಆಗಲೇ ಅಚ್ಚಾಗಿದ್ದ ಅವರ ಕವಿತೆ ಮುಕ್ತ. ಸಿಂಪಿ ಲಿಂಗಣ್ಣನವರು 1993ರ ತನಕ ಇದ್ದರು. ಅವರ ಬರಹಕ್ಕೆ 2053ರ ಕೊನೆಯವರೆಗೂ ಹಕ್ಕಿದೆ. ಇಬ್ಬರು ಮೂವರು ಕೂಡಿ ಬರೆದಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಸಬೇಕು. ಲೇಖಕರು ಸತ್ತ ಮೇಲೆ ಮೊದಲ ಸಲ ಅಚ್ಚಾದದ್ದಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ.

ಕೃಷ್ಣೆಯ ದಂಡೆ (ಜಮಖಂಡಿ)

ಗುರುಗಳೇ, ಹಾಗಾದರೆ ಡಿವಿಜಿಯವರ ಕಗ್ಗ? ನಮ್ಮ ಗುಂಪಿನಲ್ಲಿ ದಿನಾ ಬೆಳಗ್ಗೆ ಒಂದು ಬರುತ್ತೆ.

ಗುಮ್ಮಟದ ನೆರಳು

ಡಿವಿಜಿ ತೀರಿಕೊಂಡದ್ದು 1975. ಮುಕ್ತವಾಗುವುದು 2036ರ ಜನವರಿ 1ಕ್ಕೆ. ಬೇಂದ್ರೆಯವರು 1981, ಅಂದರೆ 2042. ಒಂದು ಪದ್ಯ ಇಟ್ಟುಕೊಂಡು ಅದರ ಅರ್ಥ, ಛಂದಸ್ಸು ಚರ್ಚೆ ಮಾಡಿದರೆ ಅದು ವಿಮರ್ಶೆ. ದಿನಕ್ಕೊಂದರಂತೆ ಇಡೀ ಪುಸ್ತಕವನ್ನು ತಾಣಕ್ಕೆ ಏರಿಸಿದರೆ ಅದು ಮರುಮುದ್ರಣ. ಪುಸ್ತಕ ಕೊಂಡು ಓದಿ, ಓದಿಸಿ. ಅಂಗಡಿಯಲ್ಲಿ ಸಿಗುತ್ತೆ.

ನಿಪ್ಪಾಣಿ ಮಂದಿ (ನಿಪ್ಪಾಣಿ)

ನಮ್ಮ ಕಡೆಯ ಪ್ರಶ್ನೆ ಒಂದಿದೆ. ನನಗೆ ಮರಾಠಿ, ಕನ್ನಡ ಎರಡೂ ಬರುತ್ತೆ. ಮರಾಠಿಯಲ್ಲಿ ಹೊಗೆಸೊಪ್ಪಿನ ರೈತರ ಬಗ್ಗೆ, ಗಡಿಭಾಗದ ಅಭಂಗ ಭಜನೆಗಳ ಬಗ್ಗೆ ಒಳ್ಳೊಳ್ಳೆಯ ಲೇಖನ ಬರುತ್ತವೆ. ಅವನ್ನು ಕನ್ನಡಕ್ಕೆ ತಂದು ಹಾಕುತ್ತಿದ್ದೆ. ಭಾಷೆ ಬೇರೆ, ಮಾತು ನನ್ನದು, ಮೂಲ ಲೇಖಕರ ಹೆಸರೂ ಹಾಕುತ್ತೇನೆ. ಕನ್ನಡಕ್ಕೆ ಸೇವೆಯೇ ಅಂದುಕೊಂಡಿದ್ದೆ.

ಟಿಳಕವಾಡಿ ವಕೀಲ

ಸೇವೆ ಹೌದು ರೀ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅನುವಾದದ ಹಕ್ಕೂ ಮೂಲ ಲೇಖಕರದೇ. ಮೊದಲು ಒಪ್ಪಿಗೆ ತೆಗೆದುಕೊಳ್ಳಿ. ಒಪ್ಪಿಗೆ ಸಿಕ್ಕ ಮೇಲೆ ನೀವು ಮಾಡಿದ ಕನ್ನಡ ಅನುವಾದದ ಮೇಲೆ ನಿಮಗೂ ಹಕ್ಕು ಬರುತ್ತೆ. ನಾಳೆ ಅದನ್ನು ಯಾರಾದರೂ ಎತ್ತಿದರೆ ನೀವು ಕೇಳಬಹುದು. ಕೇಳದೆ ಮಾಡಿದರೆ ನಿಮ್ಮ ದುಡಿಮೆಗೂ ನೆಲೆ ಇರುವುದಿಲ್ಲ.

ಒಂದು ಅನುಭವ ಹೇಳುತ್ತೇನೆ. ನನ್ನ ಪರಿಚಯದವರೊಬ್ಬರು ಹೀಗೇ ಒಬ್ಬ ಮರಾಠಿ ಲೇಖಕರಿಗೆ ಬರೆದರು. ಅವರು ಒಪ್ಪಿದ್ದಷ್ಟೇ ಅಲ್ಲ, ‘ಅಚ್ಚಿನಲ್ಲಿ ಒಂದು ಪ್ಯಾರಾ ಬಿಟ್ಟುಹೋಗಿತ್ತು, ಕನ್ನಡದಲ್ಲಾದರೂ ಸೇರಿಸಿ’ ಅಂತ ಆ ಪ್ಯಾರಾ ಬರೆದು ಕಳಿಸಿದರು. ಕೇಳಿದ್ದರಿಂದ ಕನ್ನಡದ ಓದುಗರಿಗೆ ಮೂಲಕ್ಕಿಂತ ತುಂಬಿದ ಲೇಖನ ಸಿಕ್ಕಿತು.

ನಿಪ್ಪಾಣಿ ಮಂದಿ

ಸರಿ. ಈಗ ಹಾಕಿರುವ ಹನ್ನೊಂದನ್ನೂ ಸದ್ಯಕ್ಕೆ ಮುಚ್ಚಿಡುತ್ತೇನೆ. ಒಬ್ಬೊಬ್ಬರಿಗೇ ಬರೆಯುತ್ತೇನೆ.

ಇಳಕಲ್ ದಡಿ

ಎಷ್ಟು ವಿಷಯ ತಿಳಿಯಿತು! ವಕೀಲ ಸಾಹೇಬರೇ, ಪತ್ರಿಕೆಯ ಅಂಕಣಗಳ ಬಗ್ಗೆ? ಅನುಮತಿ ಯಾರನ್ನು ಕೇಳಬೇಕು, ಪತ್ರಿಕೆಯವರನ್ನೋ ಬರೆದವರನ್ನೋ?

ಟಿಳಕವಾಡಿ ವಕೀಲ

ಹೊರಗಿನಿಂದ ಬರೆಯುವ ಹವ್ಯಾಸಿ ಲೇಖಕರಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ಅವರದೇ. ಸಂಬಳಕ್ಕಿರುವ ಪತ್ರಕರ್ತರಾದರೆ 17ನೇ ಕಲಮಿನಲ್ಲಿ ಸೂಕ್ಷ್ಮ ಇದೆ. ಪತ್ರಿಕೆ, ನಿಯತಕಾಲಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದು, ಉಳಿದ ವಿಷಯದಲ್ಲಿ ಬರೆದವರದು, ಒಪ್ಪಂದ ಬೇರೆ ಹೇಳದಿದ್ದರೆ. ಆದರೆ ಈಗ ಸಾಮಾನ್ಯವಾಗಿ ಒಪ್ಪಂದ ಇದ್ದೇ ಇರುತ್ತೆ. ಆದ್ದರಿಂದ ಬರೆದವರನ್ನು ಮೊದಲು ಕೇಳಿ. ‘ಪತ್ರಿಕೆಯ ಜೊತೆ ಏನಾದರೂ ಒಪ್ಪಂದ ಇದೆಯಾ’ ಅಂತಲೂ ಕೇಳಿ. ಇದ್ದರೆ ಸಂಪಾದಕರಿಗೂ ಒಂದು ಪತ್ರ ಹಾಕಿ. ಪುಟದ ಫೋಟೊ ಹೊಡೆದು ಹಾಕಬೇಡಿ. ಅದರ ವಿನ್ಯಾಸ, ಚಿತ್ರ, ಫೋಟೊ ಎಲ್ಲ ಬೇರೆ ಬೇರೆಯವರದು ಇರುತ್ತೆ.

ಕೋರ್ಟಿನ ತೀರ್ಪು, ಸರ್ಕಾರದ ಗೆಜೆಟ್ ಪ್ರಕಟಣೆ, ಇವನ್ನು ಹಾಕಲು ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಕಾನೂನು ಪತ್ರಿಕೆಯವರು ತೀರ್ಪಿನ ಮೇಲೆ ಬರೆದ ಸಾರಾಂಶ, ಟಿಪ್ಪಣಿ ಅವರದು. 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದೂ ಇದೇ ದಾರಿ. ಗುರುಗಳು ವಚನ ಮತ್ತು ಮುನ್ನುಡಿಯ ಬಗ್ಗೆ ಹೇಳಿದ್ದೂ ಇದೇ ತರ್ಕ.

ಗುಮ್ಮಟದ ನೆರಳು

ಇತಿಹಾಸ ಬರೆಯುವವರಿಗೆ ಒಂದು ಮಾತು. 1884ರ ಬಿಜಾಪುರ ಗ್ಯಾಝೆಟಿಯರ್, ಬೆಳಗಾವಿ ಗ್ಯಾಝೆಟಿಯರ್ ಎರಡೂ ಎಂದೋ ಮುಕ್ತವಾಗಿವೆ. ಸರ್ಕಾರದ ಪ್ರಕಟಣೆಗೆ ಪ್ರಕಟವಾದ ವರ್ಷದಿಂದ 60 ವರ್ಷ. ಆ ಇಂಗ್ಲಿಷ್ ಪುಟಗಳನ್ನು ನೀವೇ ಕನ್ನಡಕ್ಕೆ ತನ್ನಿ. ಅಲ್ಲಿ ನೇಕಾರರ ಬಗ್ಗೆ, ಕೆರೆಗಳ ಬಗ್ಗೆ, ಬರಗಾಲದ ಬಗ್ಗೆ ರಾಶಿ ವಿಷಯ ಇದೆ. ಇಷ್ಟು ದೊಡ್ಡ ಕಣಜ ತೆರೆದಿರುವಾಗ ಪಕ್ಕದವರ ಹೊಲಕ್ಕೆ ಕೈ ಹಾಕುವುದು ಯಾಕೆ?

ಇನ್ನು ಸ್ಮರಣ ಸಂಚಿಕೆಯ ಮಾಸ್ತರರ ಲೇಖನ. ಅವರು ತೀರಿಹೋಗಿದ್ದರೆ ಹಕ್ಕು ಮನೆಯವರಿಗೆ ಬರುತ್ತೆ. ಹುಡುಕಿ ಕೇಳಬೇಕು ತಂಗಿ. ನಾನು ಒಮ್ಮೆ ಹಾಗೆ ಕೇಳಿದ್ದೆ. ನಮ್ಮ ಜಿಲ್ಲೆಯ ಒಬ್ಬ ಹಳ್ಳಿಯ ಕವಿ, ಒಂದೇ ಸಂಕಲನ ತಂದವರು. ಅವರ ಆರು ಕವಿತೆ ಶಾಲೆಯ ತಾಣದಲ್ಲಿ ಹಾಕಬೇಕಿತ್ತು. ಊರಿನ ಅಂಚೆಯವರನ್ನು ಕೇಳಿ ಮಗಳ ವಿಳಾಸ ಸಿಕ್ಕಿತು. ಒಂದು ಕಾರ್ಡು ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ಒಳನಾಡ ಪತ್ರ, ನೀಲಿ ಶಾಯಿ, ದುಂಡನೆಯ ಅಕ್ಷರ. ‘ಹಾಕಿರಿ ಗುರುಗಳ. ಆದರೆ ನಮ್ಮ ಅಪ್ಪಾರು ಹ್ವಾದೆ ಅಂತ ಬರೆದಲ್ಲಿ ನೀವು ಹೋದೆ ಅಂತ ತಿದ್ದಬ್ಯಾಡ್ರಿ. ಹಿಂದೊಮ್ಮೆ ಯಾರೋ ತಿದ್ದಿ ಹಾಕಿದ್ದರು, ಅದನ್ನ ನೋಡಿ ಅಪ್ಪಾರು ಎರಡು ದಿನ ಊಟ ಬಿಟ್ಟಿದ್ದರು.’

ನಾನು ಮಕ್ಕಳಿಗೆ ಕಾಗುಣಿತ ತಿದ್ದಿ ತಿದ್ದಿ ಬೆಳೆದವನು. ಆ ಪತ್ರ ಬರದಿದ್ದರೆ ಖಂಡಿತ ತಿದ್ದುತ್ತಿದ್ದೆ. ಆ ಪತ್ರ ಇವತ್ತಿಗೂ ನನ್ನ ಹತ್ತಿರ ಇದೆ.

ಟಿಳಕವಾಡಿ ವಕೀಲ

ಗುರುಗಳೇ, 57ನೇ ಕಲಮನ್ನು ನಾನು ಅಷ್ಟು ಮಾತಿನಲ್ಲಿ ಹೇಳಿದೆ, ಆ ತಾಯಿ ಒಂದು ಸಾಲಿನಲ್ಲಿ ಹೇಳಿದ್ದಾರೆ.

ಹುಡುಕಿಯೂ ವಾರಸುದಾರರು ಸಿಗದಿದ್ದರೆ 31ಎ ಕಲಮಿನಲ್ಲಿ ಅರ್ಜಿ ಹಾಕಿ ಪರವಾನಗಿ ಪಡೆಯುವ ದಾರಿ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಖರ್ಚಿದೆ, ತಡವಾಗುತ್ತೆ. ಒಂದು ಲೇಖನಕ್ಕೆ ಇಷ್ಟು ಯಾರೂ ಮಾಡುವುದಿಲ್ಲ. ಅದರ ಬದಲು ಲೇಖನದಲ್ಲಿ ಏನಿದೆ ಅಂತ ನಿಮ್ಮ ಮಾತಿನಲ್ಲಿ ಹೇಳಿ, ಎರಡು ಮೂರು ಸಾಲು ಉದ್ಧರಿಸಿ, ‘ಇವರ ಮನೆಯವರ ಪರಿಚಯ ಇದ್ದವರು ತಿಳಿಸಿ’ ಅಂತ ಬರೆಯಿರಿ. ಇಳಕಲ್ಲಿನಂಥ ಊರಲ್ಲಿ ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ.

ಬಾದಾಮಿ ಕೋಡರ್ (ಬಾದಾಮಿ)

ನಾನು ತಾಣ ಕಟ್ಟಿಕೊಡುವ ಕೆಲಸದವನು. ತಾಂತ್ರಿಕ ವಿಷಯ ಎರಡು ಮೂರು ಹೇಳುತ್ತೇನೆ.

ವಿಕಿಪೀಡಿಯದಿಂದ ತೆಗೆದುಕೊಂಡರೆ ಏನೂ ಆಗಲ್ಲ ಅಂತ ಜನ ಅಂದುಕೊಂಡಿದ್ದಾರೆ. ಅರ್ಧ ನಿಜ. ಕನ್ನಡ ವಿಕಿಪೀಡಿಯದ ಪಠ್ಯ ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0 ಪರವಾನಗಿಯಲ್ಲಿದೆ. ‘ಬೈ’ ಅಂದರೆ ಯಾರದು ಅಂತ ಹೇಳಬೇಕು, ಪುಟದ ಲಿಂಕ್ ಕೊಡಬೇಕು, ಬದಲಿಸಿದ್ದರೆ ಬದಲಿಸಿದ್ದೇನೆ ಅನ್ನಬೇಕು. ‘ಎಸ್‌ಎ’ ಅಂದರೆ ನೀವು ಅದರಿಂದ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬೇರೆಯವರಿಗೆ ಬಿಟ್ಟುಕೊಡಬೇಕು. ಅಲ್ಲಿಂದ ತಂದು ಕೆಳಗೆ ‘ಸರ್ವ ಹಕ್ಕು ನಮ್ಮದು’ ಅಂತ ಹಾಕಿದರೆ ಪರವಾನಗಿ ಮುರಿದ ಹಾಗೆ. ಬೇರೆ ಕಡೆ ‘ಎನ್‌ಸಿ’ ಅಂತ ಕಂಡರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ನಿಮ್ಮ ತಾಣದಲ್ಲಿ ಜಾಹೀರಾತು ಇದ್ದರೆ ಅಂಥದ್ದರಿಂದ ದೂರ ಇರುವುದೇ ಒಳ್ಳೆಯದು. ‘ಎನ್‌ಡಿ’ ಅಂದರೆ ಬದಲಿಸುವ ಹಾಗಿಲ್ಲ, ಅನುವಾದವೂ ಇಲ್ಲ. ವಿಕಿಯ ಚಿತ್ರಗಳಿಗೆ ಒಂದೊಂದಕ್ಕೂ ಬೇರೆ ಪರವಾನಗಿ, ಚಿತ್ರದ ಪುಟ ತೆರೆದು ಓದಿ.

ಅನುಮತಿ ಪಡೆದು ಪೂರ್ತಿ ಲೇಖನ ಹಾಕಿದರೆ ಪುಟದ ಕೋಡಿನಲ್ಲಿ ಕ್ಯಾನೋನಿಕಲ್ ಟ್ಯಾಗ್ ಅಂತ ಒಂದು ಸಾಲು ಇಡಿ, ಅದರಲ್ಲಿ ಮೂಲ ಲೇಖನದ ವಿಳಾಸ ಕೊಡಿ. ಮೂಲ ಯಾವುದು ಅಂತ ಗೂಗಲ್‌ಗೆ ಒಂದು ಸುಳಿವು ಸಿಗುತ್ತೆ. ಇಲ್ಲದಿದ್ದರೆ ದೊಡ್ಡ ತಾಣದ ನಕಲು ಮೇಲೆ ಬಂದು, ಬರೆದವರ ಸಣ್ಣ ತಾಣ ಕೆಳಗೆ ಹೋಗಿಬಿಡಬಹುದು. ಇದು ನಿಜವಾಗಿ ಹೊಟ್ಟೆಯ ಮೇಲೆ ಹೊಡೆಯುವ ವಿಷಯ.

ಅಕ್ಕಾರೆ, ನಿಮ್ಮ ಲೇಖನದ ಒಂದು ವಿಶಿಷ್ಟ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿ. ಎಲ್ಲೆಲ್ಲಿ ಇದೆ ಅಂತ ಬರುತ್ತೆ. ಪ್ರತಿಯೊಂದರ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಇಟ್ಟುಕೊಳ್ಳಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ಹಳೇ ಪುಟ ಉಳಿದಿದ್ದರೆ ನೀವೇ ಮೊದಲು ಹಾಕಿದ್ದು ಅಂತ ತೋರಿಸಲು ಅನುಕೂಲ.

ಟಿಳಕವಾಡಿ ವಕೀಲ

ಅದಾದ ಮೇಲೆ ಮೊದಲು ಆ ತಾಣದವರಿಗೇ ಮರ್ಯಾದೆಯಿಂದ ಬರೆಯಿರಿ. ಬಹಳಷ್ಟು ಜನ ಅಷ್ಟಕ್ಕೇ ತೆಗೆಯುತ್ತಾರೆ. ತೆಗೆಯದಿದ್ದರೆ ಅದನ್ನು ಇಟ್ಟುಕೊಂಡಿರುವ ಸೇವೆಯವರಿಗೆ ಲಿಖಿತ ದೂರು ಕೊಡಿ. 2013ರ ನಿಯಮದ ಪ್ರಕಾರ ದೂರು ಸರಿ ಅನ್ನಿಸಿದರೆ 36 ಗಂಟೆಯೊಳಗೆ ಅದು ಜನರಿಗೆ ಸಿಗದಂತೆ ಮಾಡಬೇಕು. 21 ದಿನ ಹಾಗೆ ಇಡುತ್ತಾರೆ, ಅಷ್ಟರಲ್ಲಿ ನೀವು ಕೋರ್ಟಿನ ಆದೇಶ ತರಬೇಕು. ಅಲ್ಲಿಯತನಕ ಹೋಗುವ ಪ್ರಮೇಯ ಬರದಿರಲಿ.

ಕೃಷ್ಣೆಯ ದಂಡೆ

ಪ್ರವಚನಗಳ ಬಗ್ಗೆಯೂ ಹೇಳಿಬಿಡಿ. ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ತಿಂಗಳಿಡೀ ನಡೆಯುತ್ತೆ. ನಾನು ಕೇಳುತ್ತಾ ಬರೆದುಕೊಂಡದ್ದು ಎರಡು ನೋಟ್‌ಬುಕ್ ಆಗಿದೆ. ಬರೆದವಳು ನಾನೇ ಅಲ್ವಾ?

ಟಿಳಕವಾಡಿ ವಕೀಲ

ಕೈ ನಿಮ್ಮದು, ಮಾತು ಅವರದು. ಸಾರ್ವಜನಿಕವಾಗಿ ಮಾಡಿದ ಭಾಷಣದ ಹಕ್ಕು ಮಾತನಾಡಿದವರದೇ ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ನೋಟ್‌ಬುಕ್ ತೆಗೆದುಕೊಂಡು ಮಠಕ್ಕೆ ಹೋಗಿ ತೋರಿಸಿ ತಂಗಿ. ಸಂತೋಷದಿಂದ ಒಪ್ಪುತ್ತಾರೆ. ಕೇಳಿಸಿಕೊಳ್ಳುವಾಗ ತಪ್ಪಾಗಿದ್ದರೆ ತಿದ್ದಿಯೂ ಕೊಡುತ್ತಾರೆ.

ಇಳಕಲ್ ದಡಿ

ಎಲ್ಲರ ಮಾತು ಕೇಳಿ ನಾನೊಂದು ಪತ್ರ ಬರೆದುಕೊಂಡಿದ್ದೇನೆ. ಅಂಕಣ ಬರೆದ ಲೇಖಕಿಗೆ ಇವತ್ತು ಬೆಳಗ್ಗೆ ಕಳಿಸಿದೆ. ಬೇಕಾದವರು ಬಳಸಿ, ಇದಕ್ಕೆ ನನ್ನನ್ನು ಕೇಳಬೇಕಿಲ್ಲ, ಹೆಸರೂ ಬೇಡ.

‘ಮೇಡಂ, ನಮಸ್ಕಾರ. ನಾನು ಇಳಕಲ್ ಸೀರೆಯ ಬಗ್ಗೆ ಒಂದು ಜಾಲತಾಣ ನಡೆಸುತ್ತೇನೆ, ವಿಳಾಸ ಕೆಳಗಿದೆ. ನೀವು ಪತ್ರಿಕೆಯಲ್ಲಿ ಬರೆದ ಗುಳೇದಗುಡ್ಡ ಖಣದ ಲೇಖನವನ್ನು ಪೂರ್ತಿಯಾಗಿ, ಒಂದಕ್ಷರ ಬದಲಿಸದೆ, ನಿಮ್ಮ ಹೆಸರಿನಲ್ಲಿ ನನ್ನ ತಾಣದಲ್ಲಿ ಹಾಕಲು ಅನುಮತಿ ಕೇಳುತ್ತಿದ್ದೇನೆ. ಮೊದಲು ಯಾವ ಪತ್ರಿಕೆಯಲ್ಲಿ, ಯಾವ ದಿನ ಬಂದದ್ದು ಅಂತಲೂ ಬರೆಯುತ್ತೇನೆ. ನನ್ನ ತಾಣದಲ್ಲಿ ಜಾಹೀರಾತು ಇಲ್ಲ, ದುಡ್ಡು ಬರುವುದಿಲ್ಲ, ಹಾಗಾಗಿ ಸಂಭಾವನೆ ಕೊಡುವ ಶಕ್ತಿ ಇಲ್ಲ. ಮುಂದೆ ನೀವು ಯಾವಾಗ ಬೇಡ ಅಂದರೂ ತೆಗೆಯುತ್ತೇನೆ. ನೀವು ಏನಾದರೂ ತಿದ್ದಿದರೆ ನಾನೂ ತಿದ್ದುತ್ತೇನೆ. ಪತ್ರಿಕೆಯ ಜೊತೆ ನಿಮ್ಮ ಒಪ್ಪಂದ ಏನಾದರೂ ಇದ್ದರೆ ತಿಳಿಸಿ. ಇಲ್ಲ ಅನ್ನಿಸಿದರೆ ಇಲ್ಲ ಅನ್ನಿ, ನನಗೆ ಬೇಸರವಿಲ್ಲ. ನೀವು ಉತ್ತರ ಕೊಡುವ ತನಕ ಹಾಕುವುದಿಲ್ಲ.’

ಆ ಕೊನೆಯ ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ‘ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ’ ಅಂತ ಮೊದಲು ಬರೆದಿದ್ದೆ. ಆಮೇಲೆ ನಮ್ಮ ಮನೆಗೆ ಯಾರಾದರೂ ಹೀಗೆ ಬರೆದರೆ ನಮಗೆ ಹೇಗನ್ನಿಸುತ್ತೆ ಅಂತ ಯೋಚಿಸಿ ಅಳಿಸಿದೆ.

ಟಿಳಕವಾಡಿ ವಕೀಲ

ಅಳಿಸಿದ್ದೇ ಸರಿ. ಮೌನ ಒಪ್ಪಿಗೆಯಲ್ಲ. ಒಪ್ಪಿಗೆ ಬಂದಾಗ ಮಾತಿನಲ್ಲಿ ಬಂದರೂ ‘ಒಂದು ಸಾಲು ಮೆಸೇಜ್ ಹಾಕಿ’ ಅನ್ನಿ. ಪರವಾನಗಿ ಬರಹದಲ್ಲೇ ಇರಬೇಕು.

ಗೋಕಾಕದ ಹುಡುಗ

ಅಕ್ಕಾರೆ, ಒಂದು ವಿಷಯ ಹೇಳಬೇಕು. ಬಾದಾಮಿಯವರು ಹೇಳಿದ ಹಾಗೆ ಇವತ್ತು ನನ್ನ ತಾಣದಲ್ಲೇ ಹುಡುಕಿದೆ. ‘ಎರಡು ಕೆಂಪು ಪಟ್ಟಿ’ ಅಂತ ಹಾಕಿದೆ. ಸಿಕ್ಕಿತು. ಹೋದ ವರ್ಷ ಗುಂಪಿನಲ್ಲಿ ಬಂದದ್ದನ್ನು ‘ಸಂಗ್ರಹ’ ಅಂತ ಹಾಕಿದ್ದೇನೆ. ನೀವು ಹೇಳಿದ ಆ ಮೂರು ಕಡೆಯಲ್ಲಿ ಒಂದು ನನ್ನದೇ.

ಕೈ ಮುಗಿದು ಕ್ಷಮೆ ಕೇಳುತ್ತೇನೆ. ಈಗಲೇ ತೆಗೆದಿದ್ದೇನೆ. ‘ಸಂಗ್ರಹ’ ಅಂತ ಇರುವ ಉಳಿದ ಲೇಖನಗಳನ್ನೂ ರಾತ್ರಿಯೇ ಮುಚ್ಚಿದೆ. ಒಂದೊಂದೇ ಹುಡುಕಿ, ಬರೆದವರು ಸಿಕ್ಕರೆ ಕೇಳುತ್ತೇನೆ. ಸಿಗದಿದ್ದರೆ ಅವು ಹಾಗೇ ಮುಚ್ಚಿರಲಿ.

ಇಳಕಲ್ ದಡಿ

ತಮ್ಮಾ, ಮುಚ್ಚಿಡದೆ ಹೇಳಿದೆಯಲ್ಲ, ಅದೇ ನನಗೆ ದೊಡ್ಡದು. ನನಗೆ ಈಗ ಬೇಸರ ಇಲ್ಲ. ಆದರೆ ಸುಮ್ನೆ ತೆಗೆದುಬಿಟ್ಟರೆ ಒಂದು ತೊಂದರೆ ಇದೆ. ಹೋದ ವರ್ಷ ನಿನ್ನ ತಾಣದಲ್ಲಿ ಓದಿದವರ ತಲೆಯಲ್ಲಿ ಆ ತಪ್ಪು ಉಳಿದೇ ಇದೆ. ಅವರು ಮತ್ತೆ ಬಂದರೆ ಸರಿಯಾದದ್ದು ಸಿಗಬೇಕು.

ಅದೇ ಪುಟದಲ್ಲಿ ನಿನ್ನ ಮಾತಿನಲ್ಲಿ ನಾಲ್ಕು ಸಾಲು ಬರಿ. ಹಿಂದೆ ಇಲ್ಲಿ ಇದ್ದ ಲೇಖನದಲ್ಲಿ ತಪ್ಪಿತ್ತು ಅಂತ ಹೇಳು. ಕೆಳಗೆ ನನ್ನ ಲೇಖನಕ್ಕೆ ಕೊಂಡಿ ಕೊಡು. ಸೆರಗು, ಒಡಲು ಬೇರೆ ಬೇರೆ ಹಾಸು, ಕೊಂಡಿ ಹಾಕಿದರೇ ಒಂದು ಸೀರೆ. ಪೂರ್ತಿ ಲೇಖನ ಬೇಕಿದ್ದರೆ ಅದಕ್ಕೂ ನನ್ನ ಒಪ್ಪಿಗೆ ಇದೆ, ಇದನ್ನೇ ಬರಹದ ಒಪ್ಪಿಗೆ ಅಂತ ಇಟ್ಟುಕೋ. ಆದರೆ ಆಗ ಮಾವನ ಹೆಸರು ಇರುವ ಕೊನೆಯ ಪ್ಯಾರಾ ಬಿಡಬಾರದು.

ಗೋಕಾಕದ ಹುಡುಗ

ಮಾಡಿದ್ದೇನೆ ಅಕ್ಕಾರೆ. ಪೂರ್ತಿ ಲೇಖನವನ್ನೇ ಹಾಕಿದೆ, ನಿಮ್ಮ ಹೆಸರು ಮೇಲೆ, ಕೊಂಡಿ ಕೆಳಗೆ, ಕ್ಯಾನೋನಿಕಲ್ ಟ್ಯಾಗ್ ಕೂಡ. ಮಾವನವರ ಪ್ಯಾರಾ ಇದೆ. ಮೊದಲು ಇದ್ದ ತಪ್ಪಿನ ಬಗ್ಗೆ ಮೇಲ್ಗಡೆ ಒಂದು ಟಿಪ್ಪಣಿ ಬರೆದಿದ್ದೇನೆ. ಮೂರು ಕೆಂಪು, ನಡುವೆ ಎರಡು ಬಿಳಿ. ಒಮ್ಮೆ ತೆರೆದು ನೋಡಿ, ಸರಿ ಇದೆಯಾ ಹೇಳಿ.

ಇಳಕಲ್ ದಡಿ

ನೋಡಿದೆ. ಸರಿ ಇದೆ. ಅಮ್ಮನಿಗೂ ಓದಿ ಹೇಳಿದೆ, ‘ಅಣ್ಣನ ಹೆಸರು ಇನ್ನೊಮ್ಮೆ ಓದು’ ಅಂದರು.